ಬಟ್ಟೆ ಒಗೆಯುವ ಕೋಣೆಯ ಸೇತುವೆ

ಬರ್ನಿಸ್ ಪ್ರೂಸ್ಕಿ ತನ್ನ ಸ್ವಂತ ಮನೆಯ ನೆಲಮಾಳಿಗೆಯಲ್ಲಿ ರೈಲು ಹೋಗಲಿ ಎಂದು ಕಾಯುತ್ತಿದ್ದಳು. ಒಹಾಯೊ ರಾಜ್ಯದ ಟೊಲೀಡೊ ಊರಿನ ಬೇರೆ ಹೆಂಗಸರು ರೈಲಿಗೆ ಕಾಯುವುದಿದ್ದರೆ ಬೀದಿಯಲ್ಲಿ, ಕಾರಿನೊಳಗೆ ಕೂತು, ರೇಡಿಯೋ ಹಾಕಿಕೊಂಡು ಕಾಯುತ್ತಾರೆ. ಇವಳು ಕೊಳೆಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಮನೆಯ ಚಪ್ಪಲಿಯಲ್ಲಿ ನಿಂತು ಕಾಯಬೇಕು. ದಿನಾ ಇದೇ ಪಾಡು.

"ಲುಡ್, ಸೇತುವೆ ಎತ್ತಲಾ?"

"ತಾಳು. ಖಾಲಿ ಡಬ್ಬಿಗಳು ಮನೆಗೆ ಬರ್ತಾ ಇವೆ."

"ಬುಟ್ಟಿ ಭಾರ ಇದೆ."

"ರೈಲೂ ಉದ್ದ ಇದೆ."

ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಅಡ್ಡಲಾಗಿ, ಸೊಂಟಮಟ್ಟಕ್ಕೆ, ಒಂದು ಹಲಗೆ. ಹಲಗೆಯ ಮೇಲೆ ಹಳಿ. ಒಂದು ತುದಿಗೆ ಕೀಲು ಇತ್ತು, ಒಂದು ಬೆರಳು ಹಾಕಿ ಎತ್ತಿದರೆ ಮೇಲೇಳುತ್ತಿತ್ತು. ಅದೇ ಸೇತುವೆ. ಅವಳ ಗಂಡ ಲುಡ್ವಿಕ್ ಅದಕ್ಕೆ ತುಕ್ಕಿನ ಬಣ್ಣ ಹೊಡೆದು, ಮೊಳೆತಲೆಗಳನ್ನು ಸಾಲಾಗಿ ಅಂಟಿಸಿ, ಕೆಳಗೆ ನೆಲಕ್ಕೆ ನೀಲಿ ನದಿಯನ್ನೂ ಬಳಿಯುತ್ತೇನೆ ಎಂದಿದ್ದ. ನದಿ ಬಳಿದರೆ ನಿನ್ನನ್ನು ಅದರಲ್ಲೇ ಮುಳುಗಿಸುತ್ತೇನೆ ಎಂದು ಬರ್ನಿಸ್ ಹೇಳಿದಳು. ನೆಲ ಉಳಿಯಿತು.

ಲುಡ್ ರೈಲ್ವೆ ಯಾರ್ಡಿನಲ್ಲಿ ಬ್ರೇಕ್‌ಮನ್ ಆಗಿದ್ದವನು. ಕಾರಿನ ಬಾಗಿಲು, ಬಾನೆಟ್ಟು, ಮಡ್‌ಗಾರ್ಡು ಅಚ್ಚೊತ್ತುವ ಕಾರ್ಖಾನೆ ಒಂದು ಕಡೆ, ಅವನ್ನೆಲ್ಲ ಜೋಡಿಸಿ ಕಾರು ಮಾಡುವ ಕಾರ್ಖಾನೆ ಇನ್ನೊಂದು ಕಡೆ. ನಡುವೆ ಸಾಗಿಸಲು ಆ ಕಾಲದಲ್ಲಿ ಬೇರೆಯೇ ಜಾತಿಯ ಗೂಡ್ಸ್ ಡಬ್ಬಿಗಳಿದ್ದವು. ಮಾಮೂಲಿ ಡಬ್ಬಿಗಿಂತ ಬಹಳ ಉದ್ದ, ಮನೆಯೆತ್ತರ, ಪಕ್ಕದಲ್ಲಿ ಅಗಲವಾದ ಜೋಡಿ ಬಾಗಿಲುಗಳು. ಹಗಲೆಲ್ಲ ಅವುಗಳ ಕೊಂಡಿ ಹಾಕಿ, ಕೊಂಡಿ ಬಿಚ್ಚಿ, ಚಳಿಗೆ ಎರಡು ಕಾಲ್ಬೆರಳು ಕಳೆದುಕೊಂಡು, ಸಂಜೆ ಮನೆಗೆ ಬಂದು ಲುಡ್ ಏನು ಮಾಡುತ್ತಿದ್ದ? ಅವೇ ಡಬ್ಬಿಗಳನ್ನು ಅಡಿಯುದ್ದಕ್ಕೆ ಇಳಿಸಿ, ಹಳೆ ಫೋಟೋ ನೋಡಿ ನೋಡಿ ಕೈಯಾರೆ ಮಾಡಿ, ನೆಲಮಾಳಿಗೆಯಲ್ಲಿ ಓಡಿಸುತ್ತಿದ್ದ. (ಕಟುಕ ಮನೆಗೆ ಬಂದು ಗೊಂಬೆ ಹಂದಿ ಕಡಿಯುತ್ತಾನೆಯೇ? ಬರ್ನಿಸ್ ಇದನ್ನು ಚರ್ಚಿನ ಪಾದ್ರಿಯ ಹತ್ತಿರವೂ ಕೇಳಿದ್ದಳು. ಪಾದ್ರಿ ಮಾತು ಬದಲಾಯಿಸಿದರು. ಅವರ ಮಂಚದ ಕೆಳಗೂ ಒಂದು ಆಟದ ರೈಲು ಇದೆಯೆಂದು ಆಮೇಲೆ ತಿಳಿಯಿತು.)

ಆ ಡಬ್ಬಿಗಳ ತೊಂದರೆ ಏನೆಂದರೆ ಅವು ತಿರುಗುವುದಿಲ್ಲ. ಬೇರೆ ಆಟದ ರೈಲುಗಳು ಊಟದ ಮೇಜಿನ ಮೇಲೆ ಸುತ್ತು ಹಾಕುತ್ತವೆ. ಇವಕ್ಕೆ ತಿರುಗಲು ಮಹಾರಾಜರ ಅಂಗಳ ಬೇಕು. ಲುಡ್‌ನ ನೆಲಮಾಳಿಗೆ ಅಷ್ಟು ಅಗಲ ಇರಲಿಲ್ಲ. ಬರ್ನಿಸ್ ತನ್ನ ಅಕ್ಕನ ಪಿತ್ತಕೋಶದ ಆಪರೇಷನ್ನಿಗೆಂದು ಕ್ಲೀವ್‌ಲ್ಯಾಂಡಿಗೆ ಹೋಗಿದ್ದಾಗ ಅವನು ಬಟ್ಟೆ ಕೋಣೆಯ ಗೋಡೆ ಒಡೆದ. ಅವಳು ವಾಪಸು ಬಂದು ನೋಡಿದರೆ ಒಂದು ಗೋಡೆಯಲ್ಲಿ ತೂತು. ರೈಲು ಬಾಗಿಲಿನಿಂದ ಒಳಗೆ ಬಂದು, ವಾಷಿಂಗ್ ಮೆಷಿನ್ನಿನ ಹಿಂದೆ ರಾಜಠೀವಿಯಲ್ಲಿ ಬಳಸಿಕೊಂಡು, ಆ ತೂತಿನಿಂದ ಆಚೆ ಹೋಗುತ್ತಿತ್ತು. ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬರ್ನಿಸ್ ಮಾಂಸ ಬಿಡಲಿಲ್ಲ, ಗಂಡನ ಜೊತೆ ಮಾತು ಬಿಟ್ಟಳು.

ಅಷ್ಟಕ್ಕೇ ಮುಗಿಯಲಿಲ್ಲ. ಬಟ್ಟೆ ಒಣಗಿಸುವ ಮೆಷಿನ್ನಿನಿಂದ ಹತ್ತಿಧೂಳು ಏಳುತ್ತದೆ. ಅದು ಹಳಿಯ ಮೇಲೆ ಕೂತರೆ ಇಂಜಿನ್ ನಿಲ್ಲುತ್ತದೆ. ಲುಡ್‌ನ ಮಂಡಿ ಬಗ್ಗುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಬಟ್ಟೆ ಹಾಕುವ ಮುಂಚೆ, ಅವನ ಹಳೆಯ ಬನಿಯನ್ ಒಂದನ್ನು ಹಿಡಿದುಕೊಂಡು ಕೋಣೆಯೊಳಗಿನ ಹಳಿಯನ್ನೆಲ್ಲ ಬರ್ನಿಸ್ ಒರೆಸಬೇಕು. ಪ್ರತಿಯಾಗಿ ಅವನು ಆಲೂಗಡ್ಡೆ ಸಿಪ್ಪೆ ತೆಗೆಯಬೇಕು. ಅವನು ಸಿಪ್ಪೆ ತೆಗೆದರೆ ಆಲೂಗಡ್ಡೆ ಗೋಲಿಯಷ್ಟಾಗುತ್ತಿತ್ತು.

ಆ ಮಂಗಳವಾರವೂ ರೈಲು ನಿಧಾನವಾಗಿ ಬಂತು. ಹಸಿರು ಡಬ್ಬಿ, ನೀಲಿ ಡಬ್ಬಿ, ಹಳದಿ ಬಾಗಿಲಿನ ಕಂದು ಡಬ್ಬಿ. ಸೇತುವೆ ದಾಟಿ ಒಗೆಯುವ ಕೋಣೆಯೊಳಗೆ ಹೋಗಿ ನಿಂತಿತು.

"ಈಗ ಎತ್ತು," ಎಂದ ಲುಡ್. ಅವನು ಕೂರುತ್ತಿದ್ದುದು ನೆಲಮಾಳಿಗೆಯ ಆ ಕೊನೆಯಲ್ಲಿ, ಪ್ಲಾಸ್ಟರಿನ ಬೆಟ್ಟದ ಹಿಂದೆ. ಇಲ್ಲಿಂದ ಅವನ ಪಟ್ಟೆ ಟೋಪಿ ಮಾತ್ರ ಕಾಣುತ್ತಿತ್ತು. ಬರ್ನಿಸ್ ಜೀವಮಾನದ ಜಗಳವನ್ನೆಲ್ಲ ಆ ಟೋಪಿಯ ಜೊತೆ ಆಡಿದ್ದಳು.

"ಸೋಫೀಯಲ್ಲಿ ಮಾತ್ರ ಎಷ್ಟು ಹೊತ್ತು ನಿಲ್ಲಿಸ್ತೀಯ," ಎಂದಳು. "ನಾನು ಬಂದಾಗ ಅವಸರ."

ಸೋಫೀ ಅಂದರೆ ಅತ್ತೆಯ ಹೆಸರು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೆ ಕಾರು ಜೋಡಿಸುವ ಕಾರ್ಖಾನೆ ಇರುವ ಊರಿಗೆ ಲುಡ್ ಅವಳ ಹೆಸರಿಟ್ಟಿದ್ದ. ಸೋಫೀಯಲ್ಲಿ ಸ್ಟೇಷನ್ ಇತ್ತು, ಚರ್ಚ್ ಇತ್ತು, ಕಿಟಕಿಗಳಲ್ಲಿ ದೀಪ ಇತ್ತು, ಬೆಂಚಿನ ಮೇಲೆ ಕೂತ ಗೊಂಬೆ ಮುದುಕಿಯೂ ಇದ್ದಳು. ಆ ಮುದುಕಿಯ ಮುಖ ಬೇರೆ ಅತ್ತೆಯ ಹಾಗೇ ಇತ್ತು. ಏನೋ ಸರಿಯಿಲ್ಲ ಅನ್ನುವ ಹಾಗೆ.

"ನಿನ್ನ ಅಮ್ಮನ ಹೆಸರಿಗೆ ಊರು ಕಟ್ಟಿದೆ. ನನ್ನ ಹೆಸರಿಗೆ ಒಂದು ದೀಪದ ಕಂಬ ಇಲ್ಲ."

"ನಿನಗೆ ಇಡೀ ಮನೆ ಇದೆಯಲ್ಲ."

"ಎಲ್ಲಿದೆ ಮನೆ. ಅರ್ಧ ನಿನ್ನ ರೈಲಿಗೆ ಹೋಯ್ತು. ನೀನು ಸತ್ತ ಮಾರನೇ ದಿನ ಇದನ್ನೆಲ್ಲ ಕಿತ್ತು ಬೀದಿಗೆ ಹಾಕ್ತೀನಿ ನೋಡು."

ಟೋಪಿ ಸ್ವಲ್ಪ ಯೋಚಿಸಿತು.

"ಮಾರನೇ ದಿನ ಆಗಲ್ಲ ಬರ್ನಿಸ್. ಹೆಣ ನೋಡೋಕೆ ಜನ ಬರ್ತಾರೆ. ಕಾಫಿ ಮಾಡ್ಬೇಕು. ಒಂದು ವಾರ ಟೈಮ್ ತಗೋ."

"ಸರಿ. ಒಂದು ವಾರ."

ಹೀಗೆ ಒಪ್ಪಂದವಾಯಿತು. ಸಂಜೆ ಗೋಲಿಯಷ್ಟು ಆಲೂಗಡ್ಡೆ, ಹುಳಿ ಕೋಸು, ಸಾಸೇಜ್. ಅವನು ಎರಡು ಸಲ ಹಾಕಿಸಿಕೊಂಡ. ಅದು ಕೊನೆಯ ಮಾಮೂಲಿ ದಿನ ಅಂತ ಬರ್ನಿಸ್‌ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆಲೂಗಡ್ಡೆ ವಿಷಯಕ್ಕೆ ಬೈಯುತ್ತಿರಲಿಲ್ಲ. ಸೇತುವೆ ವಿಷಯಕ್ಕೆ ಬೈಯುತ್ತಿದ್ದಳು.

ಬುಧವಾರ ಬೆಳಿಗ್ಗೆ ಬುಟ್ಟಿ ಹಿಡಿದು ಇಳಿದಳು. ರೈಲು ಓಡುತ್ತಿತ್ತು.

"ಸೇತುವೆ ಎತ್ತಲಾ?"

ಟೋಪಿ ಉತ್ತರ ಕೊಡಲಿಲ್ಲ. ರೈಲು ಅವಳ ಮುಂದೆ ಹಾದು, ಒಗೆಯುವ ಕೋಣೆಯಲ್ಲಿ ನಿಲ್ಲದೆ, ಗೋಡೆಯ ತೂತಿನಿಂದ ಆಚೆ ಹೋಯಿತು. ಸುತ್ತಿಕೊಂಡು ಮತ್ತೆ ಬಂತು.

"ಕಿವಿ ಕೇಳಲ್ವಾ? ನಿಲ್ಲಿಸು."

ಮತ್ತೆ ಬಂತು.

ಬರ್ನಿಸ್ ಶುರು ಮಾಡಿದಳು. ಗೋಡೆಯಿಂದ ಹಿಡಿದು ಹತ್ತಿಧೂಳಿನವರೆಗೆ, ಹತ್ತಿಧೂಳಿನಿಂದ ಅವನ ಅಮ್ಮನವರೆಗೆ, ಅಮ್ಮನಿಂದ ಮಧುಚಂದ್ರಕ್ಕೆಂದು ಕರೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೂರಿಸಿ ಎರಡು ಗಂಟೆ ಗೂಡ್ಸ್ ಗಾಡಿ ತೋರಿಸಿದ್ದರವರೆಗೆ ಒಂದನ್ನೂ ಬಿಡಲಿಲ್ಲ. ಹಸಿರು ಡಬ್ಬಿ, ನೀಲಿ ಡಬ್ಬಿ, ಹಳದಿ ಬಾಗಿಲು. ಹಸಿರು, ನೀಲಿ, ಹಳದಿ. ಅವಳಿಗೆ ತಲೆ ಸುತ್ತು ಬಂತು. ಬುಟ್ಟಿ ಕೆಳಗಿಟ್ಟು ಬೆಟ್ಟದ ಹಿಂದಕ್ಕೆ ಹೋದಳು.

ಅವನು ಗೋಡೆಗೆ ಒರಗಿ ಕೂತಿದ್ದ. ಕೈ ರೈಲಿನ ಗುಂಡಿಯ ಮೇಲಿತ್ತು. ಕಾಫಿ ಅರ್ಧ ಕುಡಿದಿದ್ದ. ಕಾಫಿ ತಣ್ಣಗಿತ್ತು, ಅವನೂ.

ರೈಲು ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಗೋಡೆಯಿಂದ ವಯರ್ ಕಿತ್ತಳು.

ಆ ಬೈಗುಳದಲ್ಲಿ ಒಂದು ಮಾತಾದರೂ ಅವನ ಕಿವಿಗೆ ಬಿದ್ದಿತ್ತೋ, ಎಲ್ಲವೂ ಅವನು ಹೋದ ಮೇಲಿನದೋ, ಅವಳಿಗೆ ಗೊತ್ತಾಗಲಿಲ್ಲ. ಡಾಕ್ಟರನ್ನು ಕೇಳಿದಳು. ಡಾಕ್ಟರು ಅದು ಮುಖ್ಯ ಅಲ್ಲಮ್ಮ ಎಂದರು. ಅವರಿಗೆ ಮದುವೆಯಾಗಿರಲಿಲ್ಲ.

ಚರ್ಚಿನಲ್ಲಿ ಎಲ್ಲ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಊಟ. ಲುಡ್‌ನ ರೈಲು ಕ್ಲಬ್ಬಿನ ಗೆಳೆಯರು ಇಬ್ಬರು ಅವಳ ಎದುರಿಗೆ ಕೂತರು. ಆರ್ವಿಲ್ ದಪ್ಪ, ಮಾತು ಜಾಸ್ತಿ. ಮರ್ಲ್ ತೆಳ್ಳಗೆ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಇವತ್ತಿಗೂ ಟೈ ಕಟ್ಟಿಕೊಂಡೇ ಕಸದ ಡಬ್ಬ ಹೊರಗಿಡುವಂಥವನು.

"ಅಂಥ ಮನುಷ್ಯ ಮತ್ತೆ ಹುಟ್ಟಲ್ಲ ಬರ್ನಿಸ್," ಎಂದ ಆರ್ವಿಲ್, ಬಾಯಲ್ಲಿ ಪಿರೋಗಿ ಕಡುಬು ಇಟ್ಟುಕೊಂಡು. ಕಣ್ಣಲ್ಲಿ ನಿಜವಾಗಿ ನೀರಿತ್ತು. "ಆ ಹಳದಿ ಬಾಗಿಲಿನ ಡಬ್ಬಿ ಏನ್ಮಾಡ್ತೀಯ?"

"ಆರ್ವಿಲ್," ಎಂದ ಮರ್ಲ್.

"ಕೇಳಿದೆ ಅಷ್ಟೇ."

"ಇವತ್ತೇ ಕೇಳ್ಬೇಕಾ?" ಮರ್ಲ್ ಬಾಯಿ ಒರೆಸಿಕೊಂಡ. "ಕ್ಷಮಿಸಿ ಮಿಸೆಸ್ ಪ್ರೂಸ್ಕಿ. ಹಸಿರು ಡಬ್ಬಿಗಳಿಗೆ ಯಾರಾದ್ರೂ ಹೇಳಿಟ್ಟಿದಾರಾ?"

ಬರ್ನಿಸ್ ಇಬ್ಬರನ್ನೂ ನೋಡಿದಳು. ಲುಡ್ ಹೋದ ಮೇಲಿನ ಎರಡು ರಾತ್ರಿಯೂ ಅವಳಿಗೆ ನಿದ್ದೆ ಇರಲಿಲ್ಲ. ವಯರ್ ಕಿತ್ತಿದ್ದರೂ ಮಂಚದ ಕೆಳಗಿನಿಂದ ರೈಲು ಸುತ್ತುವ ಸದ್ದು ಕೇಳುತ್ತಿತ್ತು. ಆ ಡಬ್ಬಿಗಳು ಮನೆಯಿಂದ ಹೋದರೆ ಸದ್ದೂ ಹೋಗುತ್ತದೆ, ತಾನು ಮಲಗಬಹುದು ಎಂದು ಅವಳ ಲೆಕ್ಕ. ಇನ್ನೇನೂ ಬೇಕಿರಲಿಲ್ಲ ಅವಳಿಗೆ. ನಿದ್ದೆ ಬೇಕಿತ್ತು. ಯಾರ ಅಪ್ಪಣೆಯೂ ಇಲ್ಲದೆ ದಾಟುವ ಒಂದು ಬಾಗಿಲು ಬೇಕಿತ್ತು.

"ಎಲ್ಲಾ ತಗೊಂಡು ಹೋಗಿ," ಎಂದಳು. "ಮುಂದಿನ ವಾರ ಬಂದು ಹಲಗೆ, ಬೆಟ್ಟ, ಎಲ್ಲಾ ಕೊಯ್ದು ಹಾಕಿ. ಸೋಫೀಯಿಂದ ಶುರು ಮಾಡಿ."

ಅವತ್ತೇ ಸಂಜೆ ಬಂದರು. ಒಂದೊಂದು ಡಬ್ಬಿಯನ್ನೂ ಹಸುಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿದರು. ಟವೆಲ್ ಬರ್ನಿಸ್‌ಳದ್ದು. ಆರ್ವಿಲ್ ಅರ್ಧ ಒಯ್ದ, ಮರ್ಲ್ ಅರ್ಧ ಒಯ್ದ. ಅವರು ಹೋದ ಮೇಲೆ ಬರ್ನಿಸ್ ಸ್ಕ್ರೂಡ್ರೈವರ್ ತಂದು ಸೇತುವೆಯ ಕೀಲು ಬಿಚ್ಚಿದಳು. ಹಲಗೆಯನ್ನು ಕಸದ ಡಬ್ಬಕ್ಕೆ ಒರಗಿಸಿ ಬಂದಳು. ಬೆಳಿಗ್ಗೆ ಕಸದ ಲಾರಿ ಅದನ್ನು ಎರಡು ತುಂಡು ಮಾಡಿ ಬಾಯಿಗೆ ಹಾಕಿಕೊಂಡಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಒಳ್ಳೆಯದಾಯಿತು ಎಂದುಕೊಂಡಳು. ಜೋರಾಗಿಯೇ ಹೇಳಿದಳು, ಮನೆಯಲ್ಲಿ ಯಾರೂ ಇಲ್ಲದಿದ್ದರೂ.

ಆಮೇಲೆ ಅವನ ಬಟ್ಟೆ ಒಗೆದಳು. ಎರಡು ಪ್ಯಾಂಟು, ಶರ್ಟುಗಳು, ಕಾಲುಚೀಲ, ಗ್ರೀಸಿನಿಂದ ಕಪ್ಪಾದ ಬನಿಯನ್‌ಗಳು. ಒಣಗಿಸಿ, ಮಡಿಸಿ, ಚರ್ಚಿನ ದಾನದ ಪೆಟ್ಟಿಗೆಗೆ ಹಾಕಿದಳು. ಮಾರನೇ ಬೆಳಿಗ್ಗೆ ಬುಟ್ಟಿಯಲ್ಲಿ ಒಂದು ನೈಟಿ, ಒಂದು ಟವೆಲ್ ಇದ್ದವು. ಬುಟ್ಟಿ ಹಿಡಿದು ಇಳಿದಳು.

ಬಾಗಿಲು ಖಾಲಿ ಇತ್ತು. ಬರ್ನಿಸ್ ಅದರ ಮುಂದೆ ನಿಂತಳು. ನಿಂತೇ ಇದ್ದಳು.

ಸ್ವಲ್ಪ ಹೊತ್ತಾದ ಮೇಲೆ ತಾನು ಕಾಯುತ್ತಿದ್ದೇನೆಂದು ಗೊತ್ತಾಯಿತು. ಬೈದುಕೊಂಡು ಒಳಗೆ ಹೋದಳು. ಮಾರನೇ ದಿನವೂ ನಿಂತಳು. ಅದರ ಮಾರನೇ ದಿನ ಅಡುಗೆಮನೆಯಿಂದಲೇ "ಈ ಸಲ ನಿಲ್ಲಬಾರದು" ಎಂದು ಬಾಯಲ್ಲಿ ಹೇಳಿಕೊಂಡು ಬಂದು ನಿಂತಳು. ರಾತ್ರಿ ರೈಲು ಸುತ್ತುತ್ತಲೇ ಇತ್ತು.

ವಾರ ಮುಗಿಯುವ ಮುಂಚೆ ಆರ್ವಿಲ್ ಬಾಗಿಲು ತಟ್ಟಿದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ.

"ಗರಗಸ ಎಲ್ಲಿ?" ಎಂದಳು ಬರ್ನಿಸ್.

"ಗರಗಸ ನಾಳೆ ತರ್ತೀನಿ. ಇವನ್ನ ವಾಪಸು ತಂದೆ."

"ಯಾಕೆ? ಏನಾಗಿದೆ ಇವಕ್ಕೆ?"

"ಇವಕ್ಕೇನೂ ಆಗಿಲ್ಲ. ನನ್ನ ಗ್ಯಾರೇಜಿಗೆ ಆಗಿದೆ. ತಿರುವಿನಲ್ಲಿ ಎಲ್ಲಾ ಮಗುಚ್ಕೊಳ್ತಾವೆ. ಹಳದಿ ಬಾಗಿಲಿಂದು ನೆಲಕ್ಕೇ ಬಿತ್ತು. ಅದರ ಏಣಿ ಮುರೀತು, ನಾನೇ ಅಂಟಿಸಿದೀನಿ, ನೋಡಿದ್ರೆ ಗೊತ್ತಾಗಲ್ಲ."

ನೋಡಿದರೆ ಗೊತ್ತಾಗುತ್ತಿತ್ತು.

"ತಿರುವು ಅಗಲ ಮಾಡ್ಕೋ," ಎಂದಳು.

"ಮಾಡ್ಬೋದು. ಮಾರ್ಲೀನ್‌ಳ ಫ್ರೀಜರ್ ತೆಗೀಬೇಕು."

"ತೆಗಿ."

"ಅದರಲ್ಲಿ ಜಿಂಕೆ ಮಾಂಸ ಇದೆ."

"ನಿನ್ನ ಹೆಂಡತಿಗೆ ಹೇಳೋಕೆ ಧೈರ್ಯ ಇಲ್ವಾ?"

"ಹೇಳಿದೆ. ಎರಡು ದಿನ ಬ್ರೆಡ್ಡು ಬೆಣ್ಣೆ ತಿಂದೆ." ಆರ್ವಿಲ್ ಪೆಟ್ಟಿಗೆಯನ್ನು ಅವಳ ಮೇಜಿನ ಮೇಲಿಟ್ಟು ಉಸಿರು ಬಿಟ್ಟ. "ಎಲ್ಲರಿಗೂ ನಿನ್ನಂಥ ಹೆಂಡತಿ ಸಿಗಲ್ಲ ಬರ್ನಿಸ್. ಗೋಡೆ ಒಡೆಯೋಕೆ ಬಿಟ್ಟವಳು ಇಡೀ ಕ್ಲಬ್ಬಿಗೆ ನೀನೊಬ್ಬಳೇ. ಲುಡ್ ಅದನ್ನ ಹೇಳ್ಕೊಂಡು ಓಡಾಡ್ತಿದ್ದ. ನಾವೂ ಮನೆಗೆ ಹೋಗಿ ಹೇಳ್ತಿದ್ವಿ, ಬರ್ನಿಸ್‌ನ ನೋಡಿ ಕಲಿ, ಎಷ್ಟು ಸಾಧು ಅಂತ."

"ಏನಂದೆ?"

"ಸಾಧು ಅಂದೆ. ಮಾರ್ಲೀನ್‌ಗೆ ನಿನ್ನ ಹೆಸರು ಹೇಳಿದ್ರೆ ಉರೀತದೆ."

ಬರ್ನಿಸ್ ಪೆಟ್ಟಿಗೆಯ ಮುಚ್ಚಳ ದಬ್ಬನೆ ಮುಚ್ಚಿದಳು. ಗಂಡನನ್ನು ಬೆರಳ ತುದಿಯಲ್ಲಿ ಕುಣಿಸಿದವಳು, ಚರ್ಚಿನ ಅಡುಗೆಮನೆಯಲ್ಲಿ ಬೇರೆ ಹೆಂಗಸರಿಗೆ ಗಂಡಂದಿರನ್ನು ಹೇಗೆ ಹದ್ದುಬಸ್ತಿನಲ್ಲಿಡಬೇಕೆಂದು ಪಾಠ ಮಾಡಿದವಳು ತಾನು. ಅದೇ ಹೆಂಗಸರ ಮನೆಗಳಲ್ಲಿ ಇಷ್ಟು ವರ್ಷ ತನ್ನನ್ನು ಪತಿವ್ರತಾ ಶಿರೋಮಣಿ ಎಂದು ತೋರಿಸಲಾಗಿತ್ತು. ಅವರು ಪಾಠ ಕೇಳುವಾಗ ಯಾಕೆ ಹಾಗೆ ಮುಖ ಮಾಡುತ್ತಿದ್ದರೆಂದು ಈಗ ತಿಳಿಯಿತು.

"ಪೆಟ್ಟಿಗೆ ಇಟ್ಟು ಹೋಗು," ಎಂದಳು.

ಮರ್ಲ್ ಅವತ್ತೇ ಮಧ್ಯಾಹ್ನ ಬಂದ. ಟೈ ಕಟ್ಟಿದ್ದ. ಅವನ ಕೈಯಲ್ಲೂ ಪೆಟ್ಟಿಗೆ. ಆರ್ವಿಲ್ ಇನ್ನೂ ಹೋಗಿರಲಿಲ್ಲ. ಇಟ್ಟು ಹೋಗು ಅಂದರೂ ಅವನು ಕಾಫಿಗೆ ಕೂತಿದ್ದ.

"ನಿನ್ನ ಹೆಂಡತೀನೂ ಬೈದಳಾ?" ಬರ್ನಿಸ್ ಕೇಳಿದಳು.

"ಇಲ್ಲ ಮಿಸೆಸ್ ಪ್ರೂಸ್ಕಿ. ನಾನು ಇವನ್ನ ಕ್ಲಬ್ಬಿಗೆ ಕೊಟ್ಟೆ. ಅಲ್ಲಿ ಜಾಗ ಬೇಕಾದಷ್ಟಿದೆ, ಚೆನ್ನಾಗಿ ತಿರುಗ್ತವೆ. ಆದ್ರೆ ನಾವು ಅಲ್ಲಿ ಇಟ್ಕೊಳ್ಳೋ ಹಾಗಿಲ್ಲ."

"ಯಾಕಂತೆ?"

"ಪಕ್ಕದಲ್ಲಿ ಬರೆದಿದೆಯಲ್ಲ."

ಹಸಿರು ಡಬ್ಬಿಯನ್ನು ಟವೆಲ್ಲಿನಿಂದ ಬಿಚ್ಚಿ, ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟ. ಬಾಗಿಲಿನ ಪಕ್ಕ, ಕೆಳಗೆ, ಎಳ್ಳಿಗಿಂತ ಸಣ್ಣ ಬಿಳಿ ಅಕ್ಷರಗಳ ಒಂದು ಸಾಲು. ಬರ್ನಿಸ್‌ಗೆ ಓದು ಅಷ್ಟಕ್ಕಷ್ಟೇ. ಎಂಟನೇ ಕ್ಲಾಸಿಗೆ ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದವಳು. ಒಂದೊಂದೇ ಅಕ್ಷರ ಹಿಡಿದು ಓದಿದಳು.

ಖಾಲಿಯಾದ ಮೇಲೆ ವಾಪಸು: ಬರ್ನಿಸ್, ಒಹಾಯೊ.

"ಇದೇನಿದು," ಎಂದಳು.

"ನಿಜವಾದ ಡಬ್ಬಿಗಳ ಮೇಲೂ ಹೀಗೇ ಬರೆದಿರ್ತಿತ್ತು," ಎಂದ ಮರ್ಲ್. "ಒಂದು ಡಬ್ಬಿಯೊಳಗೆ ಬಾಗಿಲಿಡೋ ಕಪಾಟು, ಇನ್ನೊಂದರೊಳಗೆ ಬಾನೆಟ್ಟಿಂದು. ಬೇರೆಯವರಿಗೆ ಅದು ಉಪಯೋಗಕ್ಕಿಲ್ಲ. ಸರಕು ಇಳಿಸಿದ ಮೇಲೆ ಯಾರೂ ಮುಟ್ಟೋ ಹಾಗಿಲ್ಲ, ಸೀದಾ ಬರೆದ ಊರಿಗೇ ವಾಪಸು. ಕ್ಲಬ್ಬಿನಲ್ಲಿ ಬರ್ನಿಸ್ ಅನ್ನೋ ಊರಿಲ್ಲ."

"ಮರ್ಲ್, ಇದು ಆಟದ ಸಾಮಾನು."

"ಬರೆದಿರೋದು ಬರೆದಿರೋದೇ. ಎಲ್ಲದರ ಮೇಲೂ ಇದೆ, ನೋಡಿ. ಇವತ್ತು ಒಂದನ್ನ ತಪ್ಪು ಊರಿಗೆ ಬಿಟ್ರೆ ನಾಳೆ ಎಲ್ಲಾ ರೈಲ್ವೇನೂ ಕೆಡುತ್ತೆ."

ಆರ್ವಿಲ್ ಗಂಭೀರವಾಗಿ ತಲೆಯಾಡಿಸಿದ. ಎಪ್ಪತ್ತು ದಾಟಿದ ಇಬ್ಬರು ಗಂಡಸರು. ಅದರಲ್ಲಿ ಒಬ್ಬ, ಗೊಂಬೆ ಡಬ್ಬಿಯ ಮೇಲಿನ ಸಾಸಿವೆಯಷ್ಟು ಬರಹಕ್ಕೆ ಹೆದರಿ, ಕೆಸರು ಹಿಮದಲ್ಲಿ ಊರಿನ ಆ ಕೊನೆಯಿಂದ ಕಾರು ಓಡಿಸಿಕೊಂಡು ಬಂದಿದ್ದ.

"ಎಲ್ಲಿದೆ ಈ ಊರು?" ಬರ್ನಿಸ್ ಕೇಳಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಿಮ್ಮ ಬಟ್ಟೆ ಒಗೆಯೋ ಕೋಣೇಲಿ," ಎಂದ ಮರ್ಲ್. "ಬೋರ್ಡ್ ಇದೆ. ಮೆಷಿನ್ ಹಿಂದೆ."

ಮೂವರೂ ಇಳಿದರು. ಆರ್ವಿಲ್ ವಾಷಿಂಗ್ ಮೆಷಿನ್ನನ್ನು ಸ್ವಲ್ಪ ಸರಿಸಿದ. ದಿನಾ ಅವಳು ಪಕ್ಕದಿಂದ ಕೈ ತೂರಿಸಿ ಕಣ್ಣಲ್ಲಿ ನೋಡದೆ ಒರೆಸುವ ಜಾಗ. ಹಳಿಗಳು ಅಲ್ಲಿ ಕವಲೊಡೆದಿದ್ದವು. ಪಕ್ಕದಲ್ಲಿ ಬೆಂಕಿಕಡ್ಡಿಯಷ್ಟು ಎತ್ತರದ ಎರಡು ಕಂಬ, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಅವಳ ಹೆಸರು. ಸ್ಟೇಷನ್ ಇಲ್ಲ, ಚರ್ಚ್ ಇಲ್ಲ, ದೀಪ ಇಲ್ಲ. ಹತ್ತಿರದಲ್ಲಿ ಮೋರಿ ಇತ್ತು. ಅದು ನಿಜವಾದ ಮೋರಿ.

"ತುಂಬಿದ ಡಬ್ಬಿ ಎಲ್ಲಿಗೆ ಹೋಗ್ತಿತ್ತು?" ಎಂದಳು.

"ಸೋಫೀಗೆ."

"ಖಾಲಿ ನನಗೆ."

ಮರ್ಲ್ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

"ತುಂಬಿದ್ದೆಲ್ಲ ಅವರಮ್ಮನಿಗೆ. ಖಾಲಿ ಡಬ್ಬಾಗಳು ನನಗೆ. ಮೋರಿ ಪಕ್ಕ." ಬರ್ನಿಸ್ ಪ್ಲಾಸ್ಟರಿನ ಬೆಟ್ಟದ ಕಡೆ ತಿರುಗಿದಳು. ಅಲ್ಲಿ ಟೋಪಿ ಇರಲಿಲ್ಲ. ಆದರೂ ಹೇಳಿದಳು. "ಥೂ ನಿನ್ನ. ಊರು ಕಟ್ಟಿದ್ದಾನೆ ಊರು."

"ಹಾಗಲ್ಲ ಮಿಸೆಸ್ ಪ್ರೂಸ್ಕಿ," ಮರ್ಲ್ ಟೈ ಸರಿಮಾಡಿಕೊಂಡ. "ಸೋಫೀಲಿ ಸರಕು ಇಳಿಸಿ ತಕ್ಷಣ ಹೊರಡಬೇಕು. ರಾತ್ರಿ ನಿಲ್ಲಿಸ್ತಿದ್ದುದು ಇಲ್ಲೇ, ಬರ್ನಿಸ್‌ಲಿ. ನಾನೂ ಒಂದ್ಸಲ ಕೇಳಿದೀನಿ, ಲುಡ್, ಮೋರಿ ಪಕ್ಕ ಯಾಕಪ್ಪ ಅಂತ. ಸೋಫೀಲಿ ನಿಂತ್ರೂ ಬೈಗುಳ ಬೀಳುತ್ತೆ, ಬರ್ನಿಸ್‌ಲಿ ನಿಂತ್ರೂ ಬೈಗುಳ ಬೀಳುತ್ತೆ, ಆದ್ರೆ ಬರ್ನಿಸ್‌ಲಿ ಬೆಚ್ಚಗಿರುತ್ತೆ ಅಂದ."

"ಡ್ರೈಯರ್ ಇದೆಯಲ್ಲ," ಎಂದ ಆರ್ವಿಲ್, ಅರ್ಥವಾಗದವರಿಗೆ ಬಿಡಿಸಿ ಹೇಳುವ ಹಾಗೆ.

ಬರ್ನಿಸ್ ಡ್ರೈಯರಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಒಂದು ನೈಟಿ, ಒಂದು ಟವೆಲ್ಲಿಗೆ ಅವಳು ಅದನ್ನು ಹಾಕಿರಲಿಲ್ಲ.

ಇಬ್ಬರೂ ಸೇರಿ ಡಬ್ಬಿಗಳನ್ನು ಒಂದೊಂದಾಗಿ ಹಳಿಯ ಮೇಲಿಟ್ಟರು. ಕೊನೆಯದಾಗಿ ಹಳದಿ ಬಾಗಿಲಿನದು. ಆಮೇಲೆ ಮರ್ಲ್ ಹಳಿಯ ಗುಂಟ ಕಣ್ಣು ಹಾಯಿಸುತ್ತ ಬಾಗಿಲಿನವರೆಗೆ ಬಂದು ನಿಂತ.

"ಸೇತುವೆ ಎಲ್ಲಿ?"

"ಕಸದ ಲಾರೀಲಿ."

ಮರ್ಲ್ ತಲೆಯ ಮೇಲಿನ ಟೋಪಿ ತೆಗೆದ. ಆರ್ವಿಲ್ ಕೂಡ ತೆಗೆದ. ಲುಡ್‌ನ ಶವಪೆಟ್ಟಿಗೆಯ ಮುಂದೆಯೂ ಅವರು ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿರಲಿಲ್ಲ.

ಅವರು ಹೋದ ಮೇಲೆ ಬರ್ನಿಸ್ ಯೋಚಿಸಿದಳು. ಲುಡ್ ಕೊಟ್ಟ ವಾಯಿದೆ ನಾಳೆಗೆ ಮುಗಿಯುತ್ತದೆ. ಆರ್ವಿಲ್ ನಾಳೆ ಗರಗಸ ತರುತ್ತಾನೆ. ತಂದು ಕೊಯ್ದರೆ ಕೋಣೆ ಅವಳದು, ಬಾಗಿಲು ಅವಳದು. ಬುಟ್ಟಿ ಹಿಡಿದು ಆ ಬಾಗಿಲ ಮುಂದೆ ಹೋದಳು. ನಿಂತಳು.

ಅಡ್ಡ ಏನೂ ಇಲ್ಲದ ಬಾಗಿಲಿನಲ್ಲಿ ದಿನಾ ಬೆಳಿಗ್ಗೆ ನಿಂತು ಕಾಯುವವಳನ್ನು ಜನ ಹುಚ್ಚಿ ಅನ್ನುತ್ತಾರೆ. ಅಡ್ಡ ಸೇತುವೆ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಸೇತುವೆ ಇದೆ, ಅದಕ್ಕೇ ನಿಂತಿದ್ದಾಳೆ.

ಮೇಲೆ ಹೋಗಿ ಫೋನ್ ಮಾಡಿದಳು.

"ಆರ್ವಿಲ್, ನಾಳೆ ಗರಗಸ ತರಬೇಡ. ಅಲ್ಲ, ತಾ. ಒಂದು ಸೇತುವೆ ಬೇಕು."

"ಸೇತುವೆ?" ಎಂದ ಆರ್ವಿಲ್.

"ಯಾಕೆ ಅಂತ ಕೇಳ್ಬೇಡ," ಎಂದಳು. "ಮಾರ್ಲೀನ್‌ಗೂ ಹೇಳ್ಬೇಡ."

ಹೇಳಿದ. ಭಾನುವಾರ ಚರ್ಚಿನಲ್ಲಿ ಮಾರ್ಲೀನ್ ಅವಳ ಕಡೆ ನೋಡಿದ ನೋಟಕ್ಕೆ ಬೆಣ್ಣೆ ಕರಗುತ್ತಿತ್ತು. ಗಂಡ ಬದುಕಿದ್ದಾಗ ಒಂದು ಸೇತುವೆ ಕಟ್ಟಿಸಿಕೊಂಡವಳು, ಸತ್ತ ಮೇಲೆ ತಾನೇ ಕೇಳಿ ಇನ್ನೊಂದು ಕಟ್ಟಿಸಿಕೊಂಡಳು. ಗಂಡಂದಿರನ್ನು ಹದ್ದುಬಸ್ತಿನಲ್ಲಿಡುವ ಪಾಠ ಆ ದಿನದಿಂದ ಚರ್ಚಿನ ಅಡುಗೆಮನೆಯಲ್ಲಿ ನಡೆಯಲಿಲ್ಲ.

ಸೇತುವೆ ಆರ್ವಿಲ್ ಕಟ್ಟಿದ್ದು. ಅಂದರೆ ಗಟ್ಟಿ. ಎರಡು ಕಡೆಯೂ ದಪ್ಪ ಸ್ಕ್ರೂ ಜಡಿದಿದ್ದ.

"ಕೀಲು ಎಲ್ಲಿ?" ಎಂದಳು ಬರ್ನಿಸ್.

"ಯಾವ ಕೀಲು?"

"ಎತ್ತೋಕೆ."

"ಎತ್ತೋದಾ? ಎತ್ತಬೇಕು ಅಂತ ನೀನು ಹೇಳಲಿಲ್ಲವಲ್ಲ." ಆರ್ವಿಲ್ ಹಲಗೆಯ ಮೇಲೆ ಹೆಮ್ಮೆಯಿಂದ ತಟ್ಟಿದ. "ನೋಡು, ಅಲ್ಲಾಡಲ್ಲ. ಆನೆ ಹೋಗ್ಬೋದು ಮೇಲೆ."

"ನಾನು ಹೇಗೆ ಹೋಗ್ಲಿ?"

"ನೀನು ಬಗ್ಗಬೇಕು."

ಹೀಗೆ, ಒಂದು ಬೆರಳಿಗೆ ಏಳುತ್ತಿದ್ದ ಸೇತುವೆಯನ್ನು ಇಷ್ಟು ವರ್ಷ ಬೈದವಳಿಗೆ ಈಗ ಏಳದ ಸೇತುವೆ ಬಂದಿದೆ. ಬರ್ನಿಸ್ ದಿನಾ ಬೆಳಿಗ್ಗೆ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಮೇಲೆ ಬುಟ್ಟಿಯನ್ನು ಮೊದಲು ಕಾಲಿನಿಂದ ಒಳಗೆ ತಳ್ಳಿ, ಸೊಂಟ ಹಿಡಿದುಕೊಂಡು ಬಗ್ಗಿ ಹೋಗುತ್ತಾಳೆ. ವಾರಕ್ಕೊಮ್ಮೆಯಾದರೂ ತಲೆಗೆ ತಾಗುತ್ತದೆ. ತಾಗಿದಾಗ ಬೆಟ್ಟದ ಕಡೆಗೆ ಒಂದು ಮಾತು ಹೇಳುತ್ತಾಳೆ.

ರೈಲು ಓಡುವುದಿಲ್ಲ. ಓಡಿಸಲು ಅವಳಿಗೆ ಬರುವುದಿಲ್ಲ, ಕಲಿಸುತ್ತೇನೆಂದ ಮರ್ಲ್‌ಗೆ ಬೇಡ ಎಂದಳು. ಡಬ್ಬಿಗಳು ಅವಳ ಊರಿನಲ್ಲಿ ಸಾಲಾಗಿ ನಿಂತಿವೆ. ರಾತ್ರಿ ಮಂಚದ ಕೆಳಗಿನ ಸದ್ದು ಪೂರ್ತಿ ಹೋಗಿಲ್ಲ, ಆದರೆ ಒಂದು ಹೊತ್ತಿನಲ್ಲಿ ಎಲ್ಲೋ ಬಂದು ನಿಲ್ಲುತ್ತದೆ. ಆಮೇಲೆ ಅವಳು ಮಲಗುತ್ತಾಳೆ.

ಒಬ್ಬಳ ಬಟ್ಟೆಗೆ ದಿನಾ ಮೆಷಿನ್ ಹಾಕಬೇಕಾಗಿಲ್ಲ. ಬರ್ನಿಸ್‌ಗೂ ಅದು ಗೊತ್ತಿದೆ. ದಾನದ ಪೆಟ್ಟಿಗೆಗೆ ಹೋಗದೆ ಉಳಿದದ್ದು ಹಳಿ ಒರೆಸುವ ಆ ಒಂದು ಬನಿಯನ್, ಅದು ಮೆಷಿನ್ನಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಬೆಳಿಗ್ಗೆ ಅದನ್ನು ತೆಗೆದು, ತೂತಿನಿಂದ ಶುರು ಮಾಡಿ, ತನ್ನ ಹೆಸರಿನ ಬೋರ್ಡು ದಾಟಿ, ಸೇತುವೆಯ ಆ ತುದಿಯವರೆಗೆ ಹಳಿಯನ್ನೆಲ್ಲ ಒರೆಸುತ್ತಾಳೆ. ಬನಿಯನ್ ಕಪ್ಪಾಗುತ್ತದೆ. ಅದನ್ನು ನೈಟಿಯ ಜೊತೆ ಒಗೆದು, ಡ್ರೈಯರಿಗೆ ಹಾಕಿ, ಮಡಿಸಿ ಇಡುತ್ತಾಳೆ. ನಾಳೆಗೆ ಮತ್ತೆ ಕೊಳೆಯಾಗುತ್ತದೆ. ಒಗೆಯಬೇಕು.